ಬಾಯಿ ಕಟ್ಟಿದ ಪುಸ್ತಕ

ಹಿರೇಬೆಂಡಿಗೇರಿಯ ಉಳವಪ್ಪನ ಮನೆಯಲ್ಲಿ ಫೋನು ಮಾತಾಡುತ್ತಿತ್ತು, ಸೊಸೆ ಮಾತಾಡುತ್ತಿರಲಿಲ್ಲ. ಎರಡಕ್ಕೂ ಕಾರಣ ಒಬ್ಬನೇ, ಹಿರಿಯ ಮಗ ಮೃತ್ಯುಂಜಯ.

ಎಳವೆಯಲ್ಲಿ ಜ್ವರ ಬಂದು ಮೃತ್ಯುಂಜಯನ ಕಣ್ಣು ಹೋಗಿದ್ದವು. ಹುಬ್ಬಳ್ಳಿಯ ಕಡೆ ಅಂಧ ಮಕ್ಕಳ ಶಾಲೆ, ಆಮೇಲೆ ಶಿಗ್ಗಾವಿಯಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದವನ ಕೈಯಲ್ಲಿ ಒಂದು ಫೋನಿತ್ತು. ಅವನು ಗಾಜಿನ ಮೇಲೆ ಬೆರಳಾಡಿಸಿದರೆ ಅದು ಓದಿ ಹೇಳುತ್ತಿತ್ತು. ಬಂದ ಮೆಸೇಜು, ಪೇಪರಿನ ಸುದ್ದಿ, ಬಸ್ಸಿನ ಹೊತ್ತು, ಎಲ್ಲವನ್ನೂ. ಅದರ ವೇಗಕ್ಕೆ ಮನೆಯಲ್ಲಿ ಬೇರೆ ಯಾರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಬಾಣಲೆಯಲ್ಲಿ ಅರಳು ಸಿಡಿದ ಹಾಗೆ ಕೇಳುತ್ತಿತ್ತು. ಅವ್ವ ಅನ್ನವ್ವ ಎಷ್ಟೋ ಸಲ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಅದನ್ನೇ ನೋಡುತ್ತ ಕೂತಿದ್ದಾಳೆ. ಅಂಗೈಯಗಲದ ಗಾಜಿನೊಳಗೆ ಯಾರೋ ಕುಳಿತು ತನ್ನ ಮಗನಿಗಾಗಿ ಜಗತ್ತನ್ನೇ ಓದುತ್ತಿದ್ದಾರೆ ಅನಿಸಿ ಅವಳ ಮೈ ಜುಮ್ಮೆನ್ನುತ್ತಿತ್ತು. ಒಂದು ಅಮಾವಾಸ್ಯೆಗೆ ಫೋನಿಗೆ ಕುಂಕುಮ ಹಚ್ಚಿಯೂಬಿಟ್ಟಳು. ಕುಂಕುಮ ತೂತಿನೊಳಗೆ ಇಳಿದು ಅದರ ದನಿ ನೆಗಡಿ ಹಿಡಿದಂತಾಗಿ, ಕಿರಿಯ ಮಗ ರುದ್ರೇಶನಿಂದ ಬೈಸಿಕೊಂಡಳು.

ಇನ್ನು ಸೊಸೆ. ರುದ್ರೇಶನ ಹೆಂಡತಿ ಶೀಲಾ ಹಾನಗಲ್ಲ ತಾಲೂಕಿನ ಆಡೂರಿನವಳು, ಪಿಯುಸಿ ತನಕ ಓದಿದವಳು. ಗಂಡನ ಅಣ್ಣನ ಎದುರು ತಲೆಯ ಮೇಲಿನ ಸೆರಗು ಜಾರಬಾರದು ಎಂಬುದು ಅನ್ನವ್ವ ತನ್ನ ಅತ್ತೆಯಿಂದ ಕಲಿತ ಪಾಠ. ಆದರೆ ಈ ಭಾವನಿಗೆ ಕಣ್ಣೇ ಇಲ್ಲವಲ್ಲ, ಸೆರಗು ಹೊದ್ದರೇನು ಬಿಟ್ಟರೇನು? ಅನ್ನವ್ವ ಬಹಳ ಯೋಚಿಸಿ, ಸೊಸೆ ಹೊಸ್ತಿಲು ತುಳಿದ ದಿನವೇ ಹೇಳಿಬಿಟ್ಟಿದ್ದಳು: "ಅಂವಗ ಕಿವಿನ ಕಣ್ಣು, ಯವ್ವಾ. ಅಂವನ ಮುಂದ ದನಿ ಮ್ಯಾಲ ಸೆರಗ ಇರ್ಲಿ."

ಶೀಲಾ ಅದನ್ನು ಪಾಲಿಸಿದಳು. ಭಾವ ಪಡಸಾಲೆಯಲ್ಲಿದ್ದರೆ ಅವಳ ಬಾಯಿ ಬಂದ್. ಊಟಕ್ಕೆ ಕರೆಯಬೇಕಾದರೆ ತಾಟಿನ ಅಂಚಿಗೆ ಚಮಚ ಬಡಿಯುವಳು. ಬೇರೇನಾದರೂ ಹೇಳಬೇಕಾದರೆ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿ, ಅತ್ತೆ ಅದನ್ನು ದೊಡ್ಡ ದನಿಯಲ್ಲಿ ದಾಟಿಸಬೇಕು. ಮೂರು ವರ್ಷಗಳಲ್ಲಿ ಮೃತ್ಯುಂಜಯನಿಗೆ ಗೊತ್ತಾದ ತಮ್ಮನ ಹೆಂಡತಿ ಎಂದರೆ ಒಂದಿಷ್ಟು ಬಳೆ ಸದ್ದು, ಚಳಿಗಾಲದಲ್ಲಿ ಒಂದಿಷ್ಟು ಕೆಮ್ಮು. ಮನೆಯೇನೋ ನಡೆಯುತ್ತಿತ್ತು. ನಡೆಯುವ ಮನೆಯನ್ನು ತಡೆದು ನಿಲ್ಲಿಸಿ ಯಾರು ಪ್ರಶ್ನೆ ಕೇಳುತ್ತಾರೆ?

ದೀಪಾವಳಿ ಕಳೆದ ಮೇಲೆ ಸರಕಾರಿ ಗುಮಾಸ್ತರ ಪರೀಕ್ಷೆಯ ಸುದ್ದಿ ಬಂತು. ಮೃತ್ಯುಂಜಯನಿಗೆ ಇದೇ ಕಡೆಯ ಅವಕಾಶ. ಮುಂದಿನ ಸಲ ಕರೆಯುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಇದು ಕೈತಪ್ಪಿದರೆ ಮನೆಗೆ ಹತ್ತಿದ ಗಿರಣಿಯಲ್ಲಿ ಹಿಟ್ಟಿನ ಚೀಲದ ಬಾಯಿ ಕಟ್ಟುತ್ತ ತಮ್ಮನ ಹಂಗಿನಲ್ಲಿ ಕೂರುವುದೇ ಗತಿ ಎಂದು ಅವನು ಬಾಯಿಬಿಟ್ಟು ಹೇಳದಿದ್ದರೂ ಅನ್ನವ್ವನಿಗೆ ಗೊತ್ತಿತ್ತು. ಹೊಸ ಪಠ್ಯಕ್ಕೆ ತಕ್ಕ ಒಂದೇ ಒಂದು ಒಳ್ಳೆಯ ಪುಸ್ತಕವಿತ್ತು. ಅಚ್ಚಿನ ಪ್ರತಿಗಳು ಮುಗಿದಿದ್ದವು. ಬೆಂಗಳೂರಿನ ಒಂದು ಕಂಪನಿ ಅದನ್ನು ಫೋನಿನಲ್ಲಿ ಮಾರುತ್ತಿತ್ತು. ಮೃತ್ಯುಂಜಯನಿಗೆ ಬೇಕಾಗಿದ್ದದ್ದೂ ಫೋನಿನದೇ. ಮಾಸಾಶನದಲ್ಲಿ ಉಳಿಸಿಟ್ಟ ದುಡ್ಡು ಹಾಕಿ ಕೊಂಡ.

"ಎಲ್ಲೈತೊ ಪುಸ್ತಕಾ?" ಎಂದು ಅನ್ನವ್ವ ಕೇಳಿದಳು.

"ಬಂತವ್ವಾ, ಇದರೊಳಗ."

ಅನ್ನವ್ವ ಫೋನನ್ನು ಕೈಯಲ್ಲಿ ತೂಗಿ ನೋಡಿದಳು. ಇಡೀ ಪುಸ್ತಕ ಒಳಗೆ ಹೋಗಿದೆ, ಗುಲಗಂಜಿ ತೂಕ ಹೆಚ್ಚಾಗಿಲ್ಲ. ಅವಳ ಕಣ್ಣು ಅರಳಿದವು. "ಶಿವನ ಆಟ" ಎಂದು ಜೋಪಾನವಾಗಿ ವಾಪಸು ಕೊಟ್ಟಳು.

ಮೃತ್ಯುಂಜಯ ಬೆರಳಾಡಿಸಿದ. ಫೋನು "ಪುಟ ಒಂದು" ಎಂದಿತು. ಆಮೇಲೆ ಸುಮ್ಮನಾಯಿತು. ಮತ್ತೆ ಬೆರಳಾಡಿಸಿದ. "ಪುಟ ಎರಡು." ಮತ್ತೆ ಸುಮ್ಮನೆ. ಲೋಕದ ಉಸಾಬರಿಯನ್ನೆಲ್ಲ ಬಡಬಡ ಓದುತ್ತಿದ್ದ ಫೋನು ಈ ಪುಸ್ತಕದ ಮುಂದೆ ಪುಟದ ಸಂಖ್ಯೆಯೊಂದನ್ನು ಹೇಳಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿತ್ತು.

ಕಂಪನಿಗೆ ಫೋನು ಹಚ್ಚಿದ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. "ಯಾರೂ ನಕಲು ಮಾಡಬಾರದು ಅಂತ ರಕ್ಷಣೆ ಹಾಕಿದ್ದೀವಿ ಸರ್. ಸ್ಕ್ರೀನ್ ಫೋಟೋ ಬರಲ್ಲ, ಪ್ರಿಂಟ್ ಆಗಲ್ಲ. ಫೋನ್ ಓದಬೇಕಂದ್ರೂ ಅಕ್ಷರಗಳನ್ನ ಹೊರಗೆ ತೆಗೀಬೇಕಲ್ವಾ, ಅದಕ್ಕೆ ಅದೂ ಬಂದ್."

"ನನಗ ಕಣ್ಣಿಲ್ಲ ರಿ."

"ಮೇಲ್ ಹಾಕಿ ಸರ್, ಮೇಲಿನವರಿಗೆ ಕಳಿಸ್ತೀನಿ" ಎಂದಳು. ಮೃತ್ಯುಂಜಯ ಅವತ್ತೇ ಮೇಲ್ ಹಾಕಿದ.

ಗಿರಣಿಯಿಂದ ಹಿಟ್ಟು ಮೆತ್ತಿಕೊಂಡೇ ಬಂದ ಉಳವಪ್ಪನಿಗೆ ಸಂಗತಿ ತಿಳಿದು ಸಿಟ್ಟು ನೆತ್ತಿಗೇರಿತು. "ದೇವರ ಕೊಟ್ರೂ ಪೂಜಾರಿ ಕೊಡವಲ್ಲ ಅಂದಂಗಾತು. ಜ್ವಾಳ ಕೊಂಡ ಮ್ಯಾಲ ರೊಟ್ಟಿ ಬಡೀಲಿ, ಅಂಬಲಿ ಕುದಸಲಿ, ಅಂಗಡ್ಯಾವನ್ನ ಕೇಳಬೇಕೇನು?"

"ಇದು ಜ್ವಾಳ ಅಲ್ಲಪ್ಪ" ಎಂದ ಮೃತ್ಯುಂಜಯ. "ನಾ ಕೊಂಡದ್ದು ಪುಸ್ತಕಾನೂ ಅಲ್ಲಂತ. ಪುಸ್ತಕಾ ನೋಡಾಕ ಪರವಾನಗಿ ಅಂತ."

"ನೋಡಾಕ?" ಎಂದ ಉಳವಪ್ಪ. "ನಿನಗ?"

ಒಳಗೆ ಶೀಲಾ ಚಮಚದಿಂದ ತಾಟು ಬಡಿದಳು. ಊಟಕ್ಕೆ ಎದ್ದರು.

ಮರುದಿನ ಅಪ್ಪ ಮಗ ಶಿಗ್ಗಾವಿಗೆ ಹೋದರು. ಬಸ್ ನಿಲ್ದಾಣದ ಹತ್ತಿರ ಹುಲಗೇಶನ ಅಂಗಡಿ. ಮೊಬೈಲು ರಿಪೇರಿ, ಝೆರಾಕ್ಸು ಎರಡೂ ಉಂಟು. ಹಾಳೆಯ ಮೇಲಿದ್ದರೆ ಅದರ ಫೋಟೋ ಹೊಡೆದು ಫೋನಿನಿಂದ ಓದಿಸಬಹುದು, ಆದರೆ ಹಾಳೆಗೆ ತರುವುದು ಹೇಗೆ ಎಂದು ಹುಲಗೇಶ ತಲೆ ಕೆರೆದುಕೊಂಡ. ಉಳವಪ್ಪ ತಡಮಾಡಲಿಲ್ಲ. ಮಗನ ಕೈಯಿಂದ ಫೋನು ಇಸಿದುಕೊಂಡು ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲು ಮಲಗಿಸಿದ.

"ಹೊಡಿ."

"ಕಾಕಾ, ಹಂಗ ಬರೂದಿಲ್ಲ ರಿ."

"ಮಂದಿ ಆಧಾರ ಕಾರ್ಡ ಬರ್ತೈತಿ, ಇದ್ಯಾಕ ಬರೂದಿಲ್ಲ? ಹೊಡಿ ನೀ."

ಹುಲಗೇಶ ಹೊಡೆದ. ಯಂತ್ರದೊಳಗಿನ ಬೆಳಕು ಅತ್ತಿಂದಿತ್ತ ಓಡಾಡಿ, ಕಾಡಿಗೆಯಷ್ಟು ಕಪ್ಪಾದ ಒಂದು ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು. ಉಳವಪ್ಪ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, ಮಡಚಿ ಜೇಬಿಗಿಟ್ಟುಕೊಂಡ. ಹಾಳೆಯ ದುಡ್ಡು ಹುಲಗೇಶ ಬೇಡವೆಂದರೂ ಕೊಟ್ಟ.

ಹುಲಗೇಶ ತನ್ನ ಫೋನಿನಿಂದ ಆ ಫೋನಿನ ಫೋಟೋ ಹೊಡೆದು ಓದಿಸಿಯೂ ನೋಡಿದ. ಕಳ್ಳತನವಾಗದಿರಲಿ ಎಂದು ಕಂಪನಿಯವರು ಪ್ರತಿ ಪುಟದ ಮೇಲೂ ಅಡ್ಡಡ್ಡಲಾಗಿ ಮೃತ್ಯುಂಜಯನ ಹೆಸರು, ಫೋನ್ ನಂಬರು ಬೂದು ಬಣ್ಣದಲ್ಲಿ ಬರೆದಿದ್ದರು. ಫೋನು ಎಲ್ಲವನ್ನೂ ಕೂಡಿಸಿ ಓದಿತು. ಭಾರತದ ಸಂವಿಧಾನ ಎನ್ನುತ್ತಲೇ ಮೃತ್ಯುಂಜಯ ಎಂದಿತು. ನಡುವೆ ಅರ್ಧ ನಂಬರು ಹೇಳಿ ರಾಷ್ಟ್ರಪತಿಗೆ ಹಾರಿತು. ಹುಲಗೇಶ ನಕ್ಕ. ಮೃತ್ಯುಂಜಯ ನಗಲಿಲ್ಲ. "ಸಾಕ ಬಿಡೋ. ರೊಕ್ಕಾ ಕೊಟ್ಟು ಕಳ್ಳರಂಗ ಯಾಕ ಓದೂದು" ಎಂದು ಎದ್ದ.

ಇನ್ನು ಉಳಿದದ್ದು ಒಂದೇ ದಾರಿ, ಕಣ್ಣಿದ್ದವರು ಓದುವುದು. ಉಳವಪ್ಪ ಕನ್ನಡಕ ಏರಿಸಿ ಎರಡು ಪುಟ ಓದುವಷ್ಟರಲ್ಲಿ ಗೋಡೆಗೊರಗಿ ಗೊರಕೆ ಹೊಡೆದ. ಅನ್ನವ್ವನಿಗೆ ಅಕ್ಷರ ಬಾರದು. ಕಡೆಗೆ ರುದ್ರೇಶನ ಪಾಲಿಗೆ ಬಂತು. ರುದ್ರೇಶ ಕೆಲಸಗಾರ, ಕೆಟ್ಟವನಲ್ಲ, ಆದರೆ ಪುಸ್ತಕ ಹಿಡಿದರೆ ಅವನಿಗೆ ಮುಳ್ಳಿನ ಮೇಲೆ ಕೂತಂತೆ. ಒಂದು ಸಾಲು ಓದಿ ಗಿರಣಿಯ ಕಡೆ ನೋಡುವನು. ಕಠಿಣ ಪದ ಬಂದರೆ ಗಾಡಿ ತಗ್ಗು ತಪ್ಪಿಸಿದ ಹಾಗೆ ಬಳಸಿಕೊಂಡು ಹೋಗುವನು.

"ಒಂದು ಬಿಟ್ಟಿ ಅನ್ನಸ್ತೈತಿ" ಎಂದು ಮೃತ್ಯುಂಜಯ ಅನ್ನುವನು.

"ಎಲ್ಲಾ ಓದೇನಿ. ನಿನಗ ಬ್ಯಾಡಾಗಿದ್ರ ಹೇಳು, ಹೊರಗ ಮಂದಿ ಜ್ವಾಳದ ಚೀಲ ಹಿಡ್ಕೊಂಡು ನಿಂತಾರ."

"ಬ್ಯಾಡ ಅಂದೇನೇನು? ಸಾವಕಾಶ ಓದು ಅಂದೆ."

"ಸಾವಕಾಶ ಓದಾಕ ನಾ ಏನ ಮಾಸ್ತರ ಅದೇನಿ?"

ಹೀಗೆ ದಿನವೂ ನಡೆದು, ಒಂದು ಮುಂಜಾನೆ ಸಂವಿಧಾನದ ಪ್ರಸ್ತಾವನೆ ಬಂತು. ನ್ಯಾಯ ಎಂದ ರುದ್ರೇಶ, ಸ್ವಾತಂತ್ರ್ಯ ಎಂದ, ಸಮಾನತೆ ಎಂದ. ಮುಂದಿನ ಪದದ ಮುಂದೆ ಬಾಯಿ ತೆರೆದು, ಮುಚ್ಚಿ, ಅದನ್ನು ಬಿಟ್ಟು ಮುಂದೆ ಹೋದ.

"ಭ್ರಾತೃತ್ವ."

ಅಡುಗೆಮನೆಯಿಂದ ಬಂದಿತ್ತು ಮಾತು. ಸ್ವಚ್ಛವಾಗಿ, ಒತ್ತಕ್ಷರ ಒಂದೂ ಕೆಡದೆ.

ಮೃತ್ಯುಂಜಯ ತಲೆಯೆತ್ತಿದ. ದನಿ ಬಂದ ಕಡೆಗೆ ಮುಖ ತಿರುಗಿಸಿ, "ಯಾರು ಬಂದಾರವ್ವಾ?" ಎಂದು ಕೇಳಿದ.

ಅನ್ನವ್ವ ಅಡುಗೆಮನೆಯ ಕಡೆ ನೋಡಿದಳು. ಮೂರು ವರ್ಷ ಅವನಿಗೆ ರೊಟ್ಟಿ ಬಡಿದು ಹಾಕಿದವಳು, ಅವನ ಅಂಗಿ ಒಗೆದು ಮಡಚಿಟ್ಟವಳು. ಅವಳ ದನಿ ಕೇಳಿ ಮಗ, ಮನೆಗೆ ಯಾರು ಬಂದಿದ್ದಾರೆ ಎಂದು ಕೇಳುತ್ತಿದ್ದಾನೆ.

"ಯಾರೂ ಬಂದಿಲ್ಲಪ್ಪ" ಎಂದಳು. "ನಮ್ಮ ಶೀಲಾ."

ಒಳಗೆ ಹೋಗಿ ಸೊಸೆಯನ್ನು ಗದರಿದ್ದೂ ಆಯಿತು. ಹಳೆಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. "ತಪ್ಪಾತು ರಿ ಅತ್ತಿ, ಬಾಯಿಗೆ ಬಂದುಬಿಟ್ಟಿತು" ಎಂದು ಶೀಲಾ ತವೆಯ ಮೇಲಿನ ರೊಟ್ಟಿ ನೋಡುತ್ತ ಹೇಳಿದಳು. ರೊಟ್ಟಿ ಕರಕಾಗಿತ್ತು.

ಅವತ್ತು ಮಧ್ಯಾಹ್ನದ ಊಟಕ್ಕೆ ಕೂತಾಗ ಉಳವಪ್ಪ ಪುಂಡಿಪಲ್ಯೆ ಕಲಸುತ್ತ ಯಾರಿಗೂ ಅಲ್ಲದಂತೆ ಹೇಳಿದ: "ಮನ್ಯಾಗ ಹಂತಾ ದನಿ ಇಟಗೊಂಡು ನಾವು ಶಿಗ್ಗಾವ್ಯಾಗ ಕರೇ ಹಾಳಿ ಕೊಂಡಕೊಂಡ ಬಂದ್ವಿ."

"ಅಕಿ ಹೆಂಗ ಓದ್ತಾಳ?" ಎಂದಳು ಅನ್ನವ್ವ. "ಭಾವನ ಮುಂದ?"

"ಹಂಗಾರ ನನಗೂ ಬ್ಯಾಡ" ಎಂದ ರುದ್ರೇಶ. "ಗಿರಣಿ ನೋಡ್ಲೋ, ಸಂವಿಧಾನ ನೋಡ್ಲೋ?"

"ಓದೂದ ಬ್ಯಾಡ ಬಿಡ್ರಿ" ಎಂದ ಮೃತ್ಯುಂಜಯ. "ಚೀಲ ಕಟ್ಟಾಕೇನ ಪುಸ್ತಕಾ ಬೇಕು?" ಅವನು ಅರ್ಧ ಊಟಕ್ಕೇ ಕೈ ತೊಳೆದ.

ಮಗ ಉಣ್ಣದೆ ಎದ್ದ ತಾಟನ್ನು ಅನ್ನವ್ವ ಬಹಳ ಹೊತ್ತು ನೋಡುತ್ತ ಕೂತಳು. ಪದ್ಧತಿಯನ್ನು ಮುರಿಯಲು ಅವಳಿಗೆ ಧೈರ್ಯವಿಲ್ಲ, ಮಗನನ್ನು ಹೀಗೆ ನೋಡಲು ಅದಕ್ಕಿಂತ ಇಲ್ಲ. ಸಂಜೆಯ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ರಂಗೋಲಿ ಕೆಳಗೆ ತೂರುವ ಜಾಣತನ ಊರಿನ ದೊಡ್ಡವರದು ಮಾತ್ರವೇ?

"ಶೀಲಾ ಅಂವಗ ಓದೂದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಸಾರಿದಳು. "ಅಡಗಿಮನ್ಯಾಗ ಗ್ವಾಡಿ ಕಡೆ ಮಾರಿ ಮಾಡಿ ಕುಂತು, ತನಗ ತಾ ಓದಿಕೊಳ್ತಾಳ. ಕಿವಿ ಇದ್ದವರು ಕೇಳಲಿ."

ಮರುದಿನದಿಂದ ಮನೆಯ ಕೆಲಸವೇ ಅದಲುಬದಲಾಯಿತು. ರೊಟ್ಟಿ ಬಡಿಯುವುದು ಮತ್ತೆ ಅನ್ನವ್ವನ ಪಾಲಿಗೆ ಬಂತು. ಮೃತ್ಯುಂಜಯ ಫೋನನ್ನು ಅಡುಗೆಮನೆಯ ಹೊಸ್ತಿಲ ಮೇಲಿಟ್ಟು ಪಡಸಾಲೆಯಲ್ಲಿ ಹೋಗಿ ಕೂರುವನು. ಶೀಲಾ ಅದನ್ನೆತ್ತಿಕೊಂಡು ಗೋಡೆಗೆ ಮುಖ ಮಾಡಿ ಓದುವಳು. ಮೊದಲ ದಿನ ದನಿ ನಡುಗುತ್ತಿತ್ತು. ಎರಡು ಪುಟ ಕಳೆದ ಮೇಲೆ ನಡುಕ ಹೋಯಿತು. ಅವಳ ಓದಿನಲ್ಲಿ ಅವಸರವಿರಲಿಲ್ಲ. ನಿಲ್ಲಬೇಕಾದಲ್ಲಿ ನಿಂತು, ಕೇಳುವವನಿಗೆ ನುಂಗಲು ಹೊತ್ತು ಕೊಟ್ಟು ಮುಂದೆ ಹೋಗುತ್ತಿದ್ದಳು. ಅನ್ನವ್ವನ ಕೈಯಲ್ಲಿ ಹಿಟ್ಟು ಒಣಗಿತು. ಫೋನಿನ ಮಾತಿಗೆ ಬೆರಗಾಗಿ ಕುಂಕುಮ ಹಚ್ಚಿದವಳು ತಾನು. ಇಂಥ ದನಿಯನ್ನು ಮೂರು ವರ್ಷ ಒಲೆಯ ಮುಂದೆ ಮುಚ್ಚಿಟ್ಟಿದ್ದವಳೂ ತಾನೇ. ಈ ಹುಡುಗಿ ಇದನ್ನೆಲ್ಲ ಎಲ್ಲಿಟ್ಟುಕೊಂಡಿದ್ದಳು ಎಂದು ಅನ್ನವ್ವ ದಂಗಾಗಿ ಸೊಸೆಯ ಬೆನ್ನನ್ನೇ ನೋಡಿದಳು.

ವಾರ ಕಳೆಯಿತು. ಕರೆಂಟು ಹೋದಾಗ ಗಿರಣಿ ನಿಲ್ಲುತ್ತಿತ್ತು, ಓದು ನಿಲ್ಲುತ್ತಿರಲಿಲ್ಲ. ಹಿಟ್ಟಿಗೆ ಬಂದ ಮಂಜವ್ವ, ಪಕ್ಕದ ಮನೆಯ ಹಾಜರಾಬಿ, ಕಟ್ಟೆಯ ಮೇಲೆ ಕೂತು ಕಿವಿಗೊಡುವರು. ಕರೆಂಟು ಬಂದರೂ ಏಳುವರಲ್ಲ. "ತಡಿಯೋ ರುದ್ರೇಶಾ, ಆ ರಾಜ್ಯಪಾಲಂದು ಮುಗೀಲಿ" ಎಂದು ಹಾಜರಾಬಿ ಅಂದದ್ದೂ ಉಂಟು. ರುದ್ರೇಶ ಗೊಣಗುವನು, ಆದರೆ ಗಿರಣಿಯ ಗುಂಡಿ ಒತ್ತುವ ಮೊದಲು ಬಾಗಿಲಲ್ಲಿ ನಿಂತು ತಾನೂ ಒಂದಿಷ್ಟು ಕೇಳುವನು.

ಒಂದು ದಿನ ಶಾಸನಗಳ ಪಾಠ ಬಂತು. ಚಾಲುಕ್ಯರ ಕಾಲದ ಶಾಸನಗಳ ಸಾಲಿನಲ್ಲಿ ಆಡೂರು ಎಂದು ಓದಿ ಶೀಲಾ ನಿಂತಳು. ಮತ್ತೆ ಓದಿದಳು. ಆಮೇಲೆ ಪುಸ್ತಕದಲ್ಲಿಲ್ಲದ ಮಾತು ಅವಳ ಬಾಯಿಂದ ಬಂತು. "ಆ ಕಲ್ಲಿನ ಮಗ್ಗಲಕ್ಕ ಕುಂತು ನಾವು ಹುಣಸಿಕಾಯಿ ಉಪ್ಪು ಹಚ್ಚಿ ತಿಂತಿದ್ವಿ."

ಪಡಸಾಲೆಯಿಂದ ಮೃತ್ಯುಂಜಯ ಕೇಳಿದ: "ಅಕ್ಷರ ಹೆಂಗದಾವು, ಮುಟ್ಟಿದ್ರೇನು?"

ಪುಸ್ತಕವನ್ನು ತನಗೆ ತಾನೇ ಓದಿಕೊಳ್ಳಬಹುದು, ಉತ್ತರವನ್ನು ತನಗೆ ತಾನೇ ಹೇಳಿಕೊಳ್ಳಲು ಬರುತ್ತದೆಯೇ? ಶೀಲಾ ಅತ್ತೆಯ ಮುಖ ನೋಡಿದಳು. ಅನ್ನವ್ವ ರೊಟ್ಟಿ ತಿರುವುವುದರಲ್ಲಿ ಬಹಳ ಮಗ್ನಳಾದಳು.

"ಮುಟ್ಟೇನ್ರಿ" ಎಂದು ಶೀಲಾ ಗೋಡೆಗೆ ಹೇಳಿದಳು. "ದುಂಡಗದಾವು. ಬೆರಳು ಇಟ್ರ ಒಳಗ ಕುಂದರತೈತಿ."

"ಒಮ್ಮಿ ಮುಟ್ಟಬೇಕು" ಎಂದ ಮೃತ್ಯುಂಜಯ. ಅನ್ನವ್ವನ ಮಗ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಹೇಳಿ ಎಷ್ಟೋ ಕಾಲವಾಗಿತ್ತು.

ಅನ್ನವ್ವನ ಸರದಿಯೂ ಬಂತು. ನದಿಗಳ ಪಾಠದಲ್ಲಿ ಶೀಲಾ, "ವರದಾ ನದಿಯು ಗಳಗನಾಥದ ಬಳಿ ತುಂಗಭದ್ರಾ ನದಿಯನ್ನು ಸೇರುತ್ತದೆ" ಎಂದು ಓದಿದಳು. ಅನ್ನವ್ವನ ತವರು ಸವಣೂರು ತಾಲೂಕಿನಲ್ಲಿ, ವರದಾ ಹೊಳೆಯ ದಂಡೆಗೆ.

"ಇನ್ನೊಮ್ಮಿ ಓದು" ಎಂದಳು. ಶೀಲಾ ಓದಿದಳು. "ನಮ್ಮ ಹೊಳಿ ಪುಸ್ತಕದಾಗ ಐತಿ?"

"ಐತಿ ರಿ ಅತ್ತಿ."

"ಸಣ್ಣಾಕಿದ್ದಾಗ ಒಗ್ಯಾಣ ಒಗ್ಯಾಕ ಹೋಗಿ ನಮ್ಮವ್ವನ ಹೊಸಾ ಕುಬಸಾ ತೇಲಿ ಹೋಗಿತ್ತು. ಎಲ್ಲಿಗೆ ಹೋತ ಅಂತ ನಮ್ಮವ್ವ ಬಡದು ಬಡದು ಕೇಳಿದ್ಲು. ನನಗೇನ ಗೊತ್ತು?" ಅನ್ನವ್ವ ಹಿಟ್ಟಿನ ಕೈಯಿಂದಲೇ ಕೆನ್ನೆ ಮುಟ್ಟಿಕೊಂಡಳು. "ತುಂಗಭದ್ರಾಕ್ಕ ಹೋಗೇತಿ."

ಅವತ್ತಿಡೀ ದಿನ ಅವಳು ಆ ಒಂದು ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಹುಟ್ಟಿದಂದಿನಿಂದ ಕಂಡ ನೀರು, ಅದು ಎಲ್ಲಿಗೆ ಹೋಗುತ್ತದೆ ಎಂದು ಈ ವಯಸ್ಸಿನಲ್ಲಿ, ಒಲೆಯ ಮುಂದೆ ಕೂತು, ಸೊಸೆಯ ಬಾಯಿಂದ ತಿಳಿಯಿತು. ಅವಳಿಗೆ ತಾನೇ ಒಂದಿಷ್ಟು ಬೆಳೆದಂತೆ ಅನಿಸಿತು.

ಪರೀಕ್ಷೆಗೆ ಸ್ವಲ್ಪವೇ ದಿನ ಉಳಿದಿರುವಾಗ ಕಂಪನಿಯ ಉತ್ತರ ಬಂತು. ತೊಂದರೆಗೆ ವಿಷಾದಿಸುತ್ತೇವೆ, ನಿಮ್ಮ ಪ್ರತಿಯನ್ನು ಫೋನು ಓದುವಂತೆ ತೆರೆದಿದ್ದೇವೆ. ಮೃತ್ಯುಂಜಯ ಬೆರಳಾಡಿಸಿದ. ಫೋನು "ಪುಟ ಒಂದು" ಎಂದು, ಈ ಸಲ ನಿಲ್ಲದೆ, ಅರಳು ಹುರಿದಂತೆ ಓದುತ್ತ ಓಡಿತು.

"ಆತು ಬಿಡು, ಎಲ್ಲಾರ ಜೀವ ನಿರಾಳ ಆತು" ಎಂದ ರುದ್ರೇಶ.

ಬೀಗ ತೆಗೆದದ್ದಕ್ಕೆ ಸಂತೋಷಪಡಬೇಕಾದ ಮನೆಯಲ್ಲಿ ಯಾಕೋ ಎಲ್ಲರ ಮುಖವೂ ಸಣ್ಣದಾಯಿತು. ಶೀಲಾ ಮೊದಲಿನಂತೆ ರೊಟ್ಟಿ ಬಡಿಯಲು ಕೂತಳು. ಚಮಚ ಮತ್ತೆ ತಾಟು ಬಡಿಯಿತು. ಹಿಟ್ಟಿಗೆ ಬಂದ ಹಾಜರಾಬಿ ಇಣುಕಿ, "ಇವತ್ತ ಓದಿಲ್ಲೇನ ಅನ್ನವ್ವಾ?" ಎಂದು ಕೇಳಿದಳು. "ಫೋನ ಓದಾಕತ್ತೈತಿ" ಎಂದು ಅನ್ನವ್ವ ಹೇಳಿದಳು. "ಅದು ಓದೂದು ಅಂವಗ ಅಷ್ಟ ತಿಳೀತೈತಿ" ಎಂದು ಹಾಜರಾಬಿ ಹೊರಟುಹೋದಳು. ಆ ಮಾತು ಅನ್ನವ್ವನನ್ನು ಚುಚ್ಚಿತು.

ಅದೇ ವಾರ ಹಾಲ್ ಟಿಕೆಟ್ಟು ಬಂತು, ಜೊತೆಗೆ ಒಂದು ಫಜೀತಿಯೂ. ಪರೀಕ್ಷೆಯ ಕೋಣೆಗೆ ಫೋನು ಒಯ್ಯುವಂತಿಲ್ಲ. ಪ್ರಶ್ನೆ ಓದಿ ಹೇಳಿ, ಹೇಳಿದ ಉತ್ತರ ಗುರುತು ಹಾಕುವವರೊಬ್ಬರನ್ನು ತಾವೇ ಕರೆದುಕೊಂಡು ಬರಬೇಕು. ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಓದುವ ಓಣಿಯ ಹುಡುಗ ಫಕ್ಕೀರಪ್ಪ ಬರುತ್ತೇನೆಂದು ಮೊದಲೇ ಒಪ್ಪಿದ್ದ. ಆದರೆ ನಿಯಮ ಕೇಳಿದರೆ, ಬರೆಯುವವರ ಓದು ಪರೀಕ್ಷೆಗೆ ಕೂತವನ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಫಕ್ಕೀರಪ್ಪ ಬಿ.ಎ. ದಾಟಿ ಎಂ.ಎ.ಗೆ ಸೇರಿದ್ದ. ಹೆಚ್ಚು ಓದಿದ್ದೇ ತಪ್ಪಾಯಿತು.

"ಈಗ ಪಿಯುಸಿ ಆದವರ್ನ ಎಲ್ಲಿ ಹುಡಕೂದು?" ಎಂದು ರುದ್ರೇಶ ರಾತ್ರಿಯ ಊಟಕ್ಕೆ ಕೂತು ಕೇಳಿದ. ಕೇಳಿದವನೇ ತುತ್ತು ಕೈಯಲ್ಲೇ ಹಿಡಿದು ತಡೆದ. ಮಾತು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೂ ತಿಳಿಯಿತು.

"ಬ್ಯಾಡ" ಎಂದ. "ಮನ್ಯಾಗಿನ ಮಾತು ಬ್ಯಾರೆ. ಹಾವೇರ್ಯಾಗ, ನೂರು ಮಂದಿ ಮುಂದ, ಭಾವನ ಮಗ್ಗಲಕ್ಕ ಕುಂದರೂದಂದ್ರ ಊರಾಗ ಏನಂದಾರು?"

"ಅಂದವರು ಬಂದು ಬರದು ಕೊಡ್ತಾರೇನು?" ಎಂದ ಉಳವಪ್ಪ.

"ನೀ ಸುಮ್ಮನಿರಪ್ಪ. ಅವ್ವನ ಹಾಕಿದ್ದು ಪದ್ಧತಿ. ಅಕಿನ್ನ ಕೇಳು."

ಎಲ್ಲರೂ ಅನ್ನವ್ವನ ಕಡೆ ತಿರುಗಿದರು. ಮೃತ್ಯುಂಜಯನೂ ತಿರುಗಿದ. ಅವನು ಕೇಳಿಕೊಳ್ಳುವವನಲ್ಲ; ಆದರೆ ಕೈಯಲ್ಲಿದ್ದ ರೊಟ್ಟಿ ಚೂರುಚೂರಾಗಿ ತಾಟಿನ ತುಂಬ ಬಿದ್ದಿತ್ತು.

"ನಾನ ಹಾಕಿದ್ದು ಖರೆ" ಎಂದಳು ಅನ್ನವ್ವ. "ಬೆಂಗಳೂರಾಗಿನ ಕಂಪನಿಯವರು, ನಮ್ಮ ಮಾರಿ ನೋಡದವರು, ತಾವು ಹಾಕಿದ ಬೀಗ ತಾವ ತಗದ್ರು. ನಾ ಅವರಿಗಿಂತಾ ಕಲ್ಲ ಅದೇನೇನು? ಆದ್ರ ಮೊದಲ ಅಕಿನ್ನ ಕೇಳ್ರಿ. ಹೋಗಾಕಿ ಅಕಿ."

ಮೂರು ವರ್ಷದಲ್ಲಿ ಶೀಲಾಳನ್ನು ಯಾರೂ ಏನನ್ನೂ ಹೀಗೆ ಕೇಳಿರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು, "ಹೋಗ್ತೇನ್ರಿ" ಎಂದಳು. ಆಮೇಲೆ ಗಂಡನನ್ನು ನೋಡಿ, "ಅವತ್ತ ಮುಂಜಾನೆ ನಾಷ್ಟಾ ಯಾರು ಮಾಡಾವ್ರು?" ಎಂದಳು.

ಉಳವಪ್ಪ ನಕ್ಕುಬಿಟ್ಟ. ರುದ್ರೇಶ ತಾಟು ನೋಡುತ್ತ, "ಉಪ್ಪಿಟ್ಟು ಬರ್ತೈತಿ ನನಗ" ಎಂದ.

ಪರೀಕ್ಷೆಯ ದಿನ ಅನ್ನವ್ವನೂ ಜೊತೆಗೆ ಬಸ್ಸು ಹತ್ತಿದಳು. ಹಾವೇರಿಯ ಆ ಶಾಲೆಯ ಗೇಟಿನಲ್ಲಿ ಜನವೋ ಜನ. ಕಣ್ಣಿಲ್ಲದವರಿಗೆ ಕೆಳಗಿನ ಅಂತಸ್ತಿನಲ್ಲಿ ಒಂದೊಂದು ಕೋಣೆ. ಬಾಗಿಲಲ್ಲಿ ಕೂತಿದ್ದ ಮೇಲ್ವಿಚಾರಕರು ಕಾಗದ ನೋಡಿ, ತಲೆ ತುಂಬ ಸೆರಗು ಹೊದ್ದು ನಿಂತ ಶೀಲಾಳನ್ನು ನೋಡಿ, ಮೃತ್ಯುಂಜಯನಿಗೆ ಕೇಳಿದರು: "ಬರಿಯಾಕ ಬಂದಾಕಿ ಇವರ ಏನ್ರಿ? ನಿಮಗ ಗುರ್ತ ಐತಿ?"

"ದನಿ ಕೇಳಿದ್ರ ಹೇಳ್ತೇನ್ರಿ" ಎಂದ ಮೃತ್ಯುಂಜಯ.

ಸುತ್ತ ಗಂಡಸರು, ಅಧಿಕಾರಿಗಳು, ಒಬ್ಬ ಪೊಲೀಸ. ಶೀಲಾ ಸೆರಗಿನ ಸಂದಿನಿಂದ ಅತ್ತೆಯನ್ನು ಹುಡುಕಿದಳು. ಅನ್ನವ್ವ ಮುಂದೆ ಬಂದು, ಸೊಸೆಯ ಸೆರಗನ್ನು ತನ್ನ ಕೈಯಾರೆ ಹಿಂದಕ್ಕೆ ಸರಿಸಿ, "ಮಾತಾಡವ್ವಾ" ಎಂದಳು.

"ನಾನು ಶೀಲಾ" ಎಂದಳು ಸೊಸೆ. ದನಿ ವರಾಂಡದುದ್ದಕ್ಕೂ ಕೇಳಿಸಿತು. "ಶೀಲಾ ರುದ್ರೇಶ. ಊರು ಹಿರೇಬೆಂಡಿಗೇರಿ. ಭಾವಾರ, ಕೈ ಹಿಡೀರಿ, ಇಲ್ಲೆ ಒಂದು ಮೆಟ್ಟಲೈತಿ."

ಮೃತ್ಯುಂಜಯ ಕೈ ಚಾಚಿದ. "ಇವರ ರಿ" ಎಂದು ಮೇಲ್ವಿಚಾರಕರಿಗೆ ಹೇಳಿದ.

ಅನ್ನವ್ವ ಗೇಟಿನ ಹೊರಗೆ ಹೋಗಿ, ಆ ಕೋಣೆಯ ಹಿಂದಿನ ಗೋಡೆಗೆ ಹತ್ತಿದ ಬೇವಿನ ನೆರಳಿನಲ್ಲಿ ಕೂತಳು. ಗಂಟೆ ಹೊಡೆಯಿತು. ತೆರೆದ ಕಿಟಕಿಯಿಂದ ಸೊಸೆಯ ದನಿ ಬಂತು, ಅಡುಗೆಮನೆಯಲ್ಲಿ ಕೇಳಿದ್ದೇ ದನಿ, ಅವಸರವಿಲ್ಲದ್ದು. ಒಂದು ಪ್ರಶ್ನೆ, ನಾಲ್ಕು ಉತ್ತರ, ಮಗನ ಪಿಸುಮಾತು, ಗುರುತು ಹಾಕುವಾಗ ಬಳೆಯ ಸದ್ದು. ಅನ್ನವ್ವ ಕಣ್ಣು ಮುಚ್ಚಿ ಕೇಳುತ್ತ ಕೂತಳು. ಎಷ್ಟೋ ಪ್ರಶ್ನೆಗಳು ತಿಳಿಯಲಿಲ್ಲ, ಕೆಲವು ತಿಳಿದಂತೆ ಅನಿಸಿದವು.

"ವರದಾ ನದಿಯು ಯಾವ ನದಿಯನ್ನು ಸೇರುತ್ತದೆ?" ಎಂದು ಓದಿತು ಸೊಸೆಯ ದನಿ.

ಅನ್ನವ್ವ ದಡಕ್ಕನೆ ಎದ್ದು ನಿಂತಳು. ಅವಳಿಗೆ ಗೊತ್ತಿತ್ತು. ಅಕ್ಷರ ಬಾರದ ಅನ್ನವ್ವನಿಗೆ ಸರಕಾರದ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಅದು ಎದೆಯಿಂದೆದ್ದು ಗಂಟಲಿಗೆ ಬಂದು ನಾಲಿಗೆಯ ತುದಿಯಲ್ಲಿ ನಿಂತಿತು. ಅಷ್ಟರಲ್ಲಿ ಪೊಲೀಸ ಈ ಕಡೆಗೇ ನೋಡುತ್ತಿರುವುದು ಕಾಣಿಸಿತು. ತಾನು ಹೊರಗಿನಿಂದ ಕೂಗಿದರೆ ಮಗನ ಪರೀಕ್ಷೆಯೇ ಹೋದೀತು ಎಂದು ಹೊಳೆದು, ಅನ್ನವ್ವ ತನ್ನ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು.

ಒಳಗೆ ಬಳೆ ಸದ್ದಾಯಿತು. ಶೀಲಾ ಮುಂದಿನ ಪ್ರಶ್ನೆ ಓದಿದಳು. ಅನ್ನವ್ವ ಬಾಯಲ್ಲಿ ಸೆರಗು ಕಚ್ಚಿಕೊಂಡೇ, ಕಣ್ಣಲ್ಲಿ ನೀರು ತುಂಬಿಕೊಂಡು, ಕಿಟಕಿಯ ಕಡೆ ಕಿವಿಯಿಟ್ಟು ನಿಂತಿದ್ದಳು.